ಚರ್ಚ್ ಫುಡ್‌ಬ್ಯಾಂಕ್: ಐದಕ್ಕೆ ನಾಲ್ಕು ಸ್ಟಾರ್, ಹೋಗೋಕೆ ನಾಚ್ಕೋಬೇಡಿ

ಯುಕೆಗೆ ಮಾಸ್ಟರ್ಸ್‌ಗೆ ಬಂದು ಕೈ ಖಾಲಿ ಮಾಡ್ಕೊಂಡಿರೋ ನಮ್ಮೂರ ಹುಡುಗ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. 2022ರ ಕೊನೇಲಿ ನನ್ದೂ ಅದೇ ಕಥೆ. ಆ ಅಕ್ಟೋಬರ್‌ನಲ್ಲಿ ಇಲ್ಲಿ ಬೆಲೆಯೇರಿಕೆ 11.1 ಪರ್ಸೆಂಟ್ ಮುಟ್ಟಿತ್ತು, ವೀಸಾ ಪ್ರಕಾರ ಕ್ಲಾಸ್ ಇರೋವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲ್ಸ, ಅದ್ರಲ್ಲೂ ಗೋಡೌನ್‌ನೋರು ಶಿಫ್ಟ್ ಕಮ್ಮಿ ಮಾಡಿದ್ರು, ಬಾಡಿಗೆ ಕಟ್ಟಿದ್ಮೇಲೆ ಉಳೀತಿದ್ದಿದ್ದು ಬಸ್ ಚಾರ್ಜು ಅಷ್ಟೇ. ಕಾಲೇಜಿನ ಸ್ಟೂಡೆಂಟ್ ಆಫೀಸ್‌ನಲ್ಲಿ ಫುಡ್‌ಬ್ಯಾಂಕ್‌ಗೆ, ಅಂದ್ರೆ ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಜಾಗಕ್ಕೆ, ಒಂದು ವೋಚರ್ ಕೊಟ್ಟು ಅದು ನಡೆಯೋ ಚರ್ಚ್ ಅಡ್ರೆಸ್ ಹೇಳಿದ್ರು.

ಟ್ರಸಲ್ ಟ್ರಸ್ಟ್ ಅಂತ ಕ್ರಿಶ್ಚಿಯನ್ ಸಂಸ್ಥೆ 2000ದಲ್ಲಿ ಸಾಲ್ಸ್‌ಬರಿಲಿ ಫುಡ್‌ಬ್ಯಾಂಕ್ ಶುರು ಮಾಡಿದ್ದು, ಈಗ ದೇಶದ ತುಂಬಾ ಇದೆ. ನಾನು ಹೋಗಿದ್ದು ಅವ್ರದ್ದಲ್ಲ, ಒಂದು ಸಣ್ಣ ಚರ್ಚ್‌ನೋರೇ ನಡ್ಸೋದು, ಆದ್ರೆ ಪದ್ಧತಿ ಅದೇ, ವೋಚರ್ ಕೊಟ್ರೆ ಮೂರು ದಿನದ ಊಟದ ಸಾಮಾನು.

ಮೊದಲ್ನೇ ದಿನ ಯಾರಾದ್ರೂ ಗುರುತು ಹಿಡಿದ್ರೆ ಅಂತ ಜಾಕೆಟ್ ಟೋಪಿ ಮೂಗಿನ ತನಕ ಎಳ್ಕೊಂಡು ಸಾಲಲ್ಲಿ ನಿಂತಿದ್ದೆ. ಒಳಗೆ ಹೋದ್ರೆ ಬೈಬಲ್ ಓದುಸ್ತಾರೆ ಅನ್ಕೊಂಡಿದ್ದೆ, ಟೀ ಬಿಸ್ಕತ್ ಕೊಟ್ರು. ಪ್ರಾರ್ಥನೆ ಅವ್ರ್ ಅವ್ರದ್ದೇ, ಬಾಗ್ಲು ತೆಗೆಯೋಕ್ ಮುಂಚೆ ಐದು ಜನ ತಲೆ ತಗ್ಗಿಸಿ ಎರಡು ನಿಮಿಷ ನಿಂತಿದ್ದು ಗಾಜಿನಾಚೆ ಕಾಣ್ತಿತ್ತು. ಅವತ್ತು ಶೆಲ್ಫ್‌ನಲ್ಲಿ ಪಾಸ್ತಾ ರಾಶಿ, ಅಕ್ಕಿ ಎಣ್ಣೆ ಎರಡೂ ಸೊನ್ನೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಾರ್ವೆಸ್ಟ್ ಹಬ್ಬ ಬರುತ್ತೆ, ನಮ್ಮ ಸುಗ್ಗಿ ಥರ, ಆಗ ಜನ ಚರ್ಚಿಗೆ ಡಬ್ಬ ಡಬ್ಬ ತಂದ್ಕೊಡ್ತಾರಂತೆ, ಆ ಸಲ ಅದೂ ಬೇಗ ಖಾಲಿಯಾಗಿತ್ತು. ಅಲ್ಲಿನ ಅಜ್ಜಿ, ರಿಟೈರ್ಡ್ ಟೀಚರ್, ಹೇಳಿದ್ರು, ಮುಂಚೆ ಎರಡು ಚೀಲ ತರ್ತಿದ್ದೋರು ಈಗ ಒಂದು ಡಬ್ಬ ತರ್ತಾರೆ, ಹೋದ್ ವರ್ಷ ಕೊಟ್ಟೋರೇ ಇಬ್ರು ಈಗ ಸಾಲಲ್ಲಿ ಇದಾರೆ ಅಂತ. ಪೂರ್ತಿ ಖಾಲಿ ಆದ್ರೆ ಏನ್ ಮಾಡ್ತೀರಾ ಅಂದೆ. "ಹೋದ ವಾರನೂ ಹಿಂಗೇ ಅನ್ಕೊಂಡಿದ್ವಿ" ಅಂತ ನಕ್ಕು ಬೋರ್ಡ್ ಮೇಲೆ ಅಕ್ಕಿ, ಎಣ್ಣೆ, ಹಾಲು ಬೇಕು ಅಂತ ದಪ್ಪಕ್ಕೆ ಬರೆದ್ರು. ನಾನು ದೇವ್ರನ್ನ ಅಷ್ಟಾಗಿ ನಂಬೋನಲ್ಲ, ಆದ್ರೆ ಆ ಖಾಲಿ ಶೆಲ್ಫ್‌ನ ಒರೆಸಿ ಸಾಮಾನು ಬರೋಕೆ ಜಾಗ ಮಾಡಿಡ್ತಿದ್ರಲ್ಲ, ಅದು ನೋಡಿ ಸುಮ್ನಾದೆ.

ಒಂದು ಸ್ಟಾರ್ ಯಾಕ್ ಕಟ್ ಅಂದ್ರೆ ವಾರಕ್ಕೆ ಎರಡೇ ದಿನ, ಅದೂ ಎರಡೆರಡು ಗಂಟೆ, ಕ್ಲಾಸ್ ಬಿಟ್ಟೇ ಹೋಗ್ಬೇಕು. ವೆಜ್‌ನೋರು ಮೊದ್ಲೇ ಹೇಳಿ, ನಾನು ಹೇಳದೇ ಇದ್ದಿದ್ಕೆ ಸಾಸೇಜ್ ಡಬ್ಬ ಬಂತು, ಪಕ್ಕದ ರೂಮಿನೋನಿಗೆ ಕೊಟ್ಟೆ. ತೊಗರಿಬೇಳೆ ಆಸೆ ಬಿಡಿ. ಟಿನ್ ಟೊಮೆಟೊಗೆ ಅಮ್ಮ ಕಟ್ಕೊಟ್ಟಿದ್ದ ಸಾರಿನಪುಡಿ ಹಾಕಿ ಕುದಿಸಿದ್ರೆ ಪರ್ವಾಗಿಲ್ಲ, ನಾವು ಪಾಸ್ತಾಗೇ ಕಲ್ಸ್ಕೊಂಡು ತಿಂದ್ವಿ, ನಗ್ಬೇಡಿ.

ಈಗ ಕೆಲ್ಸ ಸಿಕ್ಕಿದೆ, ತಿಂಗ್ಳಿಗೊಂದ್ಸಲ ಅಕ್ಕಿ ಎಣ್ಣೆ ಕೊಟ್ಬರ್ತೀನಿ. ಅಜ್ಜಿ ಇನ್ನೂ ಇದಾರೆ, ಬೋರ್ಡೂ ಇದೆ. ಆಮೇಲೆ, ಹೋಗೋರು ಗಟ್ಟಿ ಚೀಲ ತಗೊಂಡ್ ಹೋಗಿ, ಅವ್ರು ಕೊಡೋ ಪೇಪರ್ ಬ್ಯಾಗ್ ಮಳೇಲಿ ಹರಿದು ನನ್ನ ಬೀನ್ಸ್ ಡಬ್ಬ ಬಸ್‌ಸ್ಟಾಪ್ ತುಂಬಾ ಉರುಳಾಡಿತ್ತು.