ಐದರಲ್ಲಿ ನಾಲ್ಕು ನಕ್ಷತ್ರ. ಕಳೆದ ಒಂದು ಕಾಗದದ ಲೆಕ್ಕಕ್ಕೆ

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ನಾನು ಫೋನ್ ಮಾಡಿದ್ದು ಮಲಬದ್ಧತೆಗೆ ಏನು ಕೊಡಬಹುದು ಎಂದು ಕೇಳುವುದಕ್ಕೆ. ನಮ್ಮ ಗುಂಡ ಆರು ವರ್ಷದ ಬೆಕ್ಕು. ಸಂಜೆಯಿಂದ ಮರಳಿನ ತಟ್ಟೆಗೆ ಹೋಗುತ್ತಿದ್ದ, ಕುಕ್ಕರಿಸಿ ಕೂತು ತಿಣುಕುತ್ತಿದ್ದ, ಏನೂ ಆಗದೆ ಹೊರಗೆ ಬಂದು ನನ್ನ ಮುಖ ನೋಡಿ ಮತ್ತೆ ಒಳಗೆ ಹೋಗುತ್ತಿದ್ದ. ನಾವು ಸದಾ ಹೋಗುವ ಚಿಕಿತ್ಸಾಲಯದ ಫೋನಿನಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತನ್ನು ಹೇಳುವ ಧ್ವನಿಮುದ್ರಣ ಮಾತ್ರ ಇತ್ತು. ಆದ್ದರಿಂದ ಹಗಲೂ ರಾತ್ರಿಯೂ ತೆರೆದಿರುವ ಈ ತುರ್ತು ಪ್ರಾಣಿ ಆಸ್ಪತ್ರೆಗೆ ಕರೆ ಮಾಡಿದೆ.

ಆ ಕಡೆಯ ಹೆಣ್ಣುಮಗಳು ನನ್ನ ಕಥೆಯನ್ನು ಅರ್ಧಕ್ಕೇ ತಡೆದರು. “ಗಂಡು ಬೆಕ್ಕೇ?” ಹೌದು ಎಂದೆ. “ಮರಳಿನಲ್ಲಿ ಒದ್ದೆ ಉಂಡೆ ಕೊನೆಯ ಸಲ ಕಂಡದ್ದು ಯಾವಾಗ?”

ಗೊತ್ತಿರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ತಟ್ಟೆಯ ಮುಂದೆ ಕೂತು ಕೆದಕಿದೆ. ಬೆಳಿಗ್ಗೆ ನಾನೇ ಹಸನು ಮಾಡಿದ್ದ ಮರಳು ಒಣಗಿದ ಹಾಗೆಯೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಮೂರು ನಾಲ್ಕು ಹನಿ ಬಿದ್ದು ಗಂಟಾಗಿತ್ತು, ಅದರ ಬಣ್ಣ ಕೆಂಪಗಿತ್ತು. ಹೇಳಿದೆ. “ಇದು ಮಲಬದ್ಧತೆಯಲ್ಲ, ಮೂತ್ರ ಕಟ್ಟಿರಬೇಕು. ಬೆಳಗಿನವರೆಗೆ ಕಾಯಬೇಡಿ. ಹೊಟ್ಟೆ ಅಮುಕಬೇಡಿ. ನೋವಿಗೆಂದು ಮನುಷ್ಯರ ಮಾತ್ರೆ ಏನಾದರೂ ಕೊಟ್ಟಿದ್ದೀರಾ?” ಕೊಟ್ಟಿರಲಿಲ್ಲ, ಆದರೆ ಕೈಯಳತೆಯಲ್ಲಿ ಪ್ಯಾರಾಸಿಟಮಾಲ್ ಇತ್ತು, ಕಾಲು ಭಾಗ ಕೊಟ್ಟರೆ ಹೇಗೆ ಎಂಬ ಯೋಚನೆಯೂ ಬಂದುಹೋಗಿತ್ತು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಿಕೊಳ್ಳಲಾರದು, ಒಂದು ಮಾತ್ರೆ ಜೀವ ತೆಗೆಯಲು ಸಾಕು ಎಂಬುದನ್ನು ಆಮೇಲೆ ತಿಳಿದುಕೊಂಡೆ. ಮಾತುಕತೆ ನಡೆದದ್ದು ಎರಡು ನಿಮಿಷವೂ ಇಲ್ಲ. ಈ ಆಸ್ಪತ್ರೆಗೆ ನಾನು ಕೊಡುವ ನಾಲ್ಕು ನಕ್ಷತ್ರಗಳಲ್ಲಿ ಎರಡು ಆ ಮೊದಲ ಎರಡು ಪ್ರಶ್ನೆಗಳಿಗೇ ಸಲ್ಲಬೇಕು.

ನಾವು ತಲುಪಿದಾಗ ಕಾಯುವ ಕೋಣೆಯಲ್ಲಿ ಐದು ಜನ ಇದ್ದರು. ಹೆಸರು ಬರೆಸುವ ಮೊದಲೇ ನರ್ಸ್ ಒಬ್ಬರು ಬಂದು, ಗುಂಡನ ತುಟಿ ಎತ್ತಿ ಒಸಡಿನ ಬಣ್ಣ ನೋಡಿ, ಹೊಟ್ಟೆಯ ಹಿಂಭಾಗವನ್ನು ಎರಡೇ ಬೆರಳಿನಲ್ಲಿ ಮುಟ್ಟಿ, ಬುಟ್ಟಿಯ ಸಮೇತ ಒಳಗೆ ಒಯ್ದರು. ಒಂದು ಮೂಲೆಯಲ್ಲಿ ಉಗುರು ಕಿತ್ತುಹೋದ ನಾಯಿಯನ್ನು ಹಿಡಿದುಕೊಂಡಿದ್ದವರು ಒಂಬತ್ತು ಗಂಟೆಯಿಂದ ಕೂತಿದ್ದರಂತೆ. ಇಂಥ ಆಸ್ಪತ್ರೆಗಳ ಬಗ್ಗೆ ಜನ ಬರೆಯುವ ಸಿಟ್ಟಿನ ವಿಮರ್ಶೆಗಳನ್ನು ಓದಿದರೆ ಹಲವು ಕಾಯಿಸಿದ್ದರ ಬಗ್ಗೆಯೇ ಇರುತ್ತವೆ. ಆ ರಾತ್ರಿ ಸರದಿ ಮುರಿದವನು ನಾನೇ ಆದ್ದರಿಂದ ಆ ದೂರಿಗೆ ದನಿಗೂಡಿಸುವ ಹಕ್ಕು ನನಗಿಲ್ಲ. ಬಂದ ಕ್ರಮದಲ್ಲಲ್ಲ, ಸಾಯುವ ಕ್ರಮದಲ್ಲಿ ಒಳಗೆ ಕರೆಯುತ್ತಾರೆ. ಅಲ್ಲಿ ಬಹಳ ಹೊತ್ತು ಕಾಯಿಸಿದರೆಂದರೆ ನಿಮ್ಮ ಪ್ರಾಣಿ ಅಷ್ಟರಮಟ್ಟಿಗೆ ಕ್ಷೇಮ ಎಂದೇ ತಿಳಿಯಬಹುದು.

ನನ್ನ ಕೈಗೆ ಬಂದದ್ದು ಒಂದು ಹಾಳೆ. ನಾನು ಕರಡು ತಿದ್ದುವ ಕಸುಬಿನವನು, ಎಂಥ ಹೊತ್ತಿನಲ್ಲೂ ಅಚ್ಚಾದದ್ದನ್ನು ಪೂರ್ತಿ ಓದದೆ ಸಹಿ ಹಾಕಲಾರೆ. ಏಳನೆಯ ಸಾಲಿನಲ್ಲಿ ಎರಡು ಚೌಕಗಳಿದ್ದವು: ಹೃದಯ ನಿಂತರೆ ಮತ್ತೆ ನಡೆಸಲು ಯತ್ನಿಸಬೇಕೇ, ಬೇಡವೇ. ಅಲ್ಲಿಯವರೆಗೂ ಇದು ಉಚ್ಚೆ ಕಟ್ಟಿದ ಸಂಗತಿ ಎಂದಷ್ಟೇ ನನ್ನ ತಲೆಯಲ್ಲಿತ್ತು. ಪೆನ್ನು ಆ ಸಾಲಿನ ಮೇಲೆ ಎಷ್ಟು ಹೊತ್ತು ನಿಂತಿತ್ತೋ ತಿಳಿಯದು. ‘ಬೇಕು’ ಎಂಬ ಚೌಕದಲ್ಲಿ ನಾನು ಹಾಕಿದ ಗುರುತು ಕಾಗದದ ಹಿಂಬದಿಗೂ ಮೂಡಿತ್ತು.

ಪಶುವೈದ್ಯೆ ಹದಿನೈದು ನಿಮಿಷದಲ್ಲಿ ಹೊರಗೆ ಬಂದರು. ಅದೇ ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದರು. ಗಂಡು ಬೆಕ್ಕಿನ ಮೂತ್ರನಾಳ ತುದಿಯ ಕಡೆ ತೀರ ಕಿರಿದಾಗುತ್ತದೆ. ಲೋಳೆ, ಹರಳಿನ ಪುಡಿ, ಉರಿಯೂತದ ಕಸ ಎಲ್ಲ ಸೇರಿ ಅಲ್ಲಿ ಬೆಣೆಯ ಹಾಗೆ ಕೂತುಬಿಡುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಬೆಕ್ಕಿನ ರಕ್ತದಲ್ಲಿ ಅದು ಲೀಟರಿಗೆ ಸುಮಾರು 5.5 ಮಿಲಿಮೋಲ್ ಮೀರಬಾರದು, ಗುಂಡನದು 8.3 ಇತ್ತು. ಗಾಬರಿಯಾದ ಬೆಕ್ಕಿನ ಹೃದಯ ನಿಮಿಷಕ್ಕೆ ಇನ್ನೂರರ ಹತ್ತಿರ ಓಡಬೇಕಾದ ಕಡೆ ಇವನದು 112ರಲ್ಲಿ ತೆವಳುತ್ತಿತ್ತು. ಕೊಲ್ಲುವುದು ತುಂಬಿದ ಮೂತ್ರಕೋಶವಲ್ಲ, ಈ ಪೊಟ್ಯಾಸಿಯಂ.

“ಹಾಗಾದರೆ ಮೊದಲು ಆ ಬೆಣೆ ತೆಗೆಯಿರಿ, ಇಲ್ಲಿ ಚಿತ್ರ ಬರೆಯುತ್ತ ನಿಂತಿದ್ದೀರಲ್ಲ” ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಹೃದಯ ಮೇಜಿನ ಮೇಲೆಯೇ ನಿಲ್ಲಬಹುದು ಎಂದರು. ಕ್ಯಾಲ್ಸಿಯಂ ಗ್ಲುಕೋನೇಟನ್ನು ಆಗಲೇ ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಿದ್ದರು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಅರ್ಧ ಗಂಟೆಯ ಮಟ್ಟಿಗೆ ಹೃದಯಕ್ಕೆ ಕಾವಲು ನಿಲ್ಲುತ್ತದೆ, ಅಷ್ಟೆ. ಜೊತೆಗೆ ಡ್ರಿಪ್, ಆಮೇಲೆ ಇನ್ಸುಲಿನ್ ಮತ್ತು ಗ್ಲುಕೋಸ್. ಇವು ಪೊಟ್ಯಾಸಿಯಮನ್ನು ಜೀವಕೋಶಗಳ ಒಳಕ್ಕೆ ತಳ್ಳುತ್ತವೆ. ಇಸಿಜಿಯ ಗೆರೆ ತಹಬಂದಿಗೆ ಬಂದ ಮೇಲೆಯೇ ಅರಿವಳಿಕೆ, ಆಮೇಲೆ ಮೂತ್ರನಾಳಕ್ಕೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ. ಅವಸರದ ಜಾಗದಲ್ಲಿ ಅವಸರ ಮಾಡದೆ ಇರುವುದೂ ಒಂದು ವಿದ್ಯೆ ಎಂದು ನನಗೆ ಆ ರಾತ್ರಿ ಗೊತ್ತಾಯಿತು, ಅದೂ ಬೈಸಿಕೊಂಡ ಡಾಕ್ಟರರಿಂದ. ಎರಡೂವರೆಗೆ ಬಂದು “ಹರಿಯಿತು” ಎಂದರು. ಒಂದೇ ಪದ.

ಹಣದ ಬಗ್ಗೆ ಬಹಳ ಹೇಳುವುದಿಲ್ಲ. ತುರ್ತು ಚಿಕಿತ್ಸೆ ಎಲ್ಲಿಯೂ ಅಗ್ಗವಲ್ಲ. ಇಲ್ಲಿ ಚಿಕಿತ್ಸೆಗೆ ಮೊದಲೇ ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡು ಅಂಕಿ ಬರೆದು ತೋರಿಸಿದರು, ಕೊನೆಯ ಬಿಲ್ಲು ಆ ಎರಡರ ನಡುವೆಯೇ ಬಂತು.

ಇಂಥ ಆಸ್ಪತ್ರೆಯನ್ನು ಹುಡುಕುವವರು ವಿಚಾರಿಸಲೇಬೇಕಾದ ಒಂದು ಮಾತಿದೆ. ‘ದಿನದ 24 ಗಂಟೆ’ ಎಂಬ ಫಲಕದ ಹಿಂದೆ ವೈದ್ಯರು ಅದೇ ಕಟ್ಟಡದಲ್ಲಿ ಎಚ್ಚರವಾಗಿರುತ್ತಾರೋ, ಅಥವಾ ಮನೆಯಲ್ಲಿ ಮಲಗಿದ್ದು ಕರೆದರೆ ಬರುತ್ತಾರೋ? ಒಳರೋಗಿಯ ಪಕ್ಕದಲ್ಲಿ ಇಡೀ ರಾತ್ರಿ ಯಾರಾದರೂ ಇರುತ್ತಾರೋ? ಇಲ್ಲಿ ಇದ್ದರು. ಕಟ್ಟು ಬಿಟ್ಟ ಮೇಲೆ ಮೂತ್ರ ತಡೆಯಿಲ್ಲದೆ ಹರಿಯುತ್ತದೆ, ಎಷ್ಟು ಹೋಯಿತೋ ಅಷ್ಟನ್ನು ಡ್ರಿಪ್ಪಿನಲ್ಲಿ ತುಂಬದಿದ್ದರೆ ಬೆಕ್ಕು ಒಣಗಿಹೋಗುತ್ತದೆ. ಮರುದಿನ ಮಧ್ಯಾಹ್ನ ನೋಡಲು ಹೋದಾಗ ಪಂಜರಕ್ಕೆ ತೂಗುಹಾಕಿದ್ದ ಪಟ್ಟಿಯಲ್ಲಿ ನಾಲ್ಕು ಗಂಟೆಗೊಮ್ಮೆ ಚೀಲದಿಂದ ಅಳೆದ ಮೂತ್ರದ ಲೆಕ್ಕವಿತ್ತು. ಬೆಳಗಿನ ನಾಲ್ಕರ ಸಾಲಿನ ಮುಂದೆ ಯಾರೋ ಸಣ್ಣ ಅಕ್ಷರದಲ್ಲಿ ‘ಗುರ್ ಎಂದ’ ಎಂದು ಬರೆದಿದ್ದರು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಹೊಡೆದುಹಾಕಲು ಮನಸ್ಸಾಗದ ಅನಗತ್ಯ ಟಿಪ್ಪಣಿ ಅದೊಂದೇ.

ಇನ್ನು ದೂರು. ಬೆಕ್ಕಿಗೂ ನಾಯಿಗೂ ಒಂದೇ ಕಾಯುವ ಕೋಣೆ. ಬೊಗಳುವ ನಾಯಿಯ ಮೂಗು ಬೆಕ್ಕಿನ ಬುಟ್ಟಿಗೆ ತಾಗುವಷ್ಟು ಇಕ್ಕಟ್ಟು. ನಡುವೆ ಒಂದು ಪರದೆ ಕಟ್ಟುವುದಕ್ಕೆ ಏನು ಕಷ್ಟವೋ. ಹೋಗುವವರು ಬುಟ್ಟಿಯ ಮೇಲೆ ಹೊದಿಸಲು ಟವೆಲ್ ಒಯ್ಯಿರಿ. ಬೆಳಿಗ್ಗೆ ಆರಕ್ಕೆ ನಾವೇ ಕರೆ ಮಾಡುತ್ತೇವೆ ಎಂದವರು ಮಾಡಲಿಲ್ಲ. ಆರೂ ನಲವತ್ತಕ್ಕೆ ನಾನೇ ಮಾಡಿದೆ. ಆ ನಲವತ್ತು ನಿಮಿಷ ನಾನು ಏನೇನು ಊಹಿಸಿಕೊಂಡೆ ಎಂಬುದು ಇಲ್ಲಿ ಬೇಡ. ಪಾಳಿ ಬದಲಾಗುವ ಹೊತ್ತು ಎಂದು ಸಮಜಾಯಿಷಿ ಕೊಟ್ಟರು. ಹಾಗಿದ್ದರೆ ಏಳಕ್ಕೆ ಎನ್ನಬೇಕಿತ್ತು.

ನಕ್ಷತ್ರ ಕಳೆದದ್ದು ಅದಕ್ಕೂ ಅಲ್ಲ. ಮೂರನೆಯ ದಿನ ಕ್ಯಾಥೆಟರ್ ತೆಗೆದು, ಅವನು ತಾನಾಗಿಯೇ ಎರಡು ಸಲ ಮೂತ್ರ ಮಾಡಿದ್ದನ್ನು ನೋಡಿ ಮನೆಗೆ ಕಳಿಸಿದರು. ಮೊದಲ ಒಂದೆರಡು ವಾರದಲ್ಲಿ ಮತ್ತೆ ಕಟ್ಟುವ ಸಾಧ್ಯತೆ ಹೆಚ್ಚು, ನೀರು ಹೆಚ್ಚು ಕುಡಿಯಬೇಕು, ಒಣ ಕಾಳು ಬಿಟ್ಟು ಹಸಿ ಆಹಾರ ಕೊಡಿ, ಮನೆಯಲ್ಲಿ ಗದ್ದಲ ಕಡಿಮೆಯಿರಲಿ, ಈ ರೋಗಕ್ಕೆ ಬೆಕ್ಕಿನ ಆತಂಕವೂ ಒಂದು ಕಾರಣ ಎಂದು ಬಿಡಿಸಿ ಹೇಳಿದರು. ಹೇಳಿದ್ದೆಲ್ಲ ಸರಿ, ಬರೆದದ್ದು ಸರಿಯಿಲ್ಲ. ಕೆನ್ನೆಯ ಒಳಗೆ ಬಿಡುವ ನೋವಿನ ಔಷಧವನ್ನು ಸೀಸೆಯ ಚೀಟಿಯ ಪ್ರಕಾರ ಎಂಟು ಗಂಟೆಗೊಮ್ಮೆ ಕೊಡಬೇಕು, ಬಿಡುಗಡೆಯ ಹಾಳೆಯ ಪ್ರಕಾರ ಹನ್ನೆರಡು ಗಂಟೆಗೊಮ್ಮೆ. ನಿದ್ದೆಗೆಟ್ಟವರು ಯಾವುದನ್ನು ನಂಬಬೇಕು? ಅದೇ ಹಾಳೆಯ ಮೇಲ್ಭಾಗದಲ್ಲಿ, ‘ಲಿಂಗ’ ಎಂಬಲ್ಲಿ ‘ಹೆಣ್ಣು’ ಎಂದು ಅಚ್ಚಾಗಿತ್ತು. ಗಂಡಾದದ್ದಕ್ಕೇ ಸಾವಿನ ಬಾಗಿಲಿಗೆ ಹೋಗಿ ಬಂದ ಪ್ರಾಣಿ ಅದು!

ಎರಡೂ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆದು, ಫೋಟೊ ತೆಗೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಕ್ಷಮೆ ಕೇಳಿ ಹೊಸ ಹಾಳೆ ಕಳಿಸಿದರು. ಔಷಧ ಎಂಟು ಗಂಟೆಗೊಮ್ಮೆ ಎಂದು ಸರಿಯಾಗಿದೆ. ಗುಂಡ ಇನ್ನೂ ಹೆಣ್ಣು.