ಕೋಳಿ ಕಟ್‌ಔಟ್ ಮಾಡಿಸಿದ ಅಂಗಡಿ: ಐದಕ್ಕೆ ಮೂರು ಸ್ಟಾರ್

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಪ್ರಿಂಟಿಂಗ್ ಅಂಗಡಿ ಇದು. ಮದುವೆ ಬ್ಯಾನರ್, ಹುಟ್ಟುಹಬ್ಬದ ಬೋರ್ಡ್ ಇವರ ದಿನದ ಕೆಲಸ. ನಾನು ಹೋಗಿದ್ದು ಕೋಳಿ ಮಾಡಿಸೋಕೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ವಸ್ತುಪ್ರದರ್ಶನಕ್ಕೆ ಆಸ್ಟ್ರೇಲಿಯಾದಲ್ಲಿ ಹಿಂದೆ ಇದ್ದು ಅಳಿದುಹೋದ ದೈತ್ಯ ಕೋಳಿ ಪ್ರೊಗುರಾದ ಸನ್‌ಬೋರ್ಡ್ ಕಟ್‌ಔಟ್ ಬೇಕಿತ್ತು. ಅದರ ಬಳಗದ ಮ್ಯಾಲಿ ಕೋಳಿ ಅಲ್ಲಿ ಈಗಲೂ ಇದೆ. ಮರಳು, ಎಲೆ ಗುಡ್ಡೆ ಹಾಕಿ ಮೊಟ್ಟೆ ಹೂಳುತ್ತದೆ, ಕಾವಿಗೆ ಕೂರುವುದಿಲ್ಲ. ಕೊಳೆಯುವ ಎಲೆಯ ಬಿಸಿ, ಬಿಸಿಲು ಇವೇ ಕಾವು. ಇದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ಚಳಿಗಾಲದ ಬೆಳಗ್ಗೆ ತಿಪ್ಪೆ ಕೆದರಿದರೆ ಹಬೆ ಏಳುವುದನ್ನು ಎಲ್ಲರೂ ನೋಡಿದವರೇ.

ಕಂಪ್ಯೂಟರ್ ಮುಂದಿನ ಹುಡುಗ ಚಿತ್ರ ನೋಡಿ, "ಇದು ಯಾವ ಕೋಳಿರಿ ಮೇಡಂ?" ಅಂದ. ಮ್ಯಾಲಿ ಕೋಳಿ ಎರಡು ಕೆಜಿ, ಇದು ಅದರ ಸುಮಾರು ನಾಲ್ಕು ಪಟ್ಟು ಅಂದೆ. "ಹಂಗಾದ್ರ ಓಣಿಗೆಲ್ಲಾ ಊಟ ಆಗ್ತದ್ರಿ!" ಎಂದು ನಕ್ಕ. ಒಳ್ಳೇ ಹುಡುಗ. ಕೆಲಸದಲ್ಲೇ ತಕರಾರು.

ಚಿತ್ರದಲ್ಲಿ ಕೋಳಿ ಬೆನ್ನಹಿಂದೆ ಗುಡ್ಡೆ ಬೇಡ ಅಂತ ಎರಡು ಸಲ ಹೇಳಿದ್ದೆ. ಕಾರಣ ಇತ್ತು. 2017ರಲ್ಲಿ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು ಮೂಳೆಗಳನ್ನು ಹೋಲಿಸಿ, ಇಂಥ ಅಳಿದ ಜಾತಿಗಳು ಐದು ಅಂತ ತೋರಿಸಿದರು. ಗುಡ್ಡೆ ಕಟ್ಟುವ ಹಕ್ಕಿಗಳಿಗಿರುವಂಥ ಪಾದ ಇವುಗಳಿಗಿಲ್ಲ. ಬಹುಶಃ ಬೆಚ್ಚಗಿನ ಮಣ್ಣಲ್ಲೇ ಮೊಟ್ಟೆ ಹೂಳುತ್ತಿದ್ದವು. ಸಂಜೆ ಹೋಗಿ ನೋಡಿದರೆ ಕೋಳಿ ಹಿಂದೆ ದೊಡ್ಡ ಗುಡ್ಡೆ! "ಬರೇ ನೆಲ ಚೊಲೊ ಕಾಣಂಗಿಲ್ರಿ" ಅಂದ.

ಅದಕ್ಕಿಂತ ತಮಾಷೆ ಬೇರೆ ಇದೆ. ಶೀಟು ತುಂಬಲಿ ಅಂತ ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದ. ಪ್ರೊಗುರಾ ಎತ್ತರದ ಟರ್ಕಿ ಕೋಳಿಯಂಥದ್ದು. ಇವನ ಕೈಲಿ ಕಾಲು ಗಿಡ್ಡ, ಮೈ ದಪ್ಪ. ಆದರೆ ಆ ಐದರಲ್ಲೇ ಲ್ಯಾಟಗಲ್ಲಿನಾ ಅಂತ ಇದೆ, ಅದು ಹೀಗೇ ಗಿಡ್ಡ ಕಾಲಿನ ಗುಂಡು ಕೋಳಿ! ಹೆಸರಿನ ಚೀಟಿ ಮಾತ್ರ ಬದಲಿಸಿ ಅದನ್ನೇ ಒಯ್ದೆ. ಗುಡ್ಡೆಯನ್ನು ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಕಟರ್‌ನಿಂದ ಕೊಯ್ದು ತೆಗೆದಳು, ಬಾಲದ ತುದಿಯೂ ಸ್ವಲ್ಪ ಹೋಯ್ತು.

ಬಣ್ಣ ಚೆನ್ನಾಗಿದೆ, ರೇಟು ಜಾಸ್ತಿ ಇಲ್ಲ, ಹೇಳಿದ ಸಂಜೆಗೇ ಕೊಟ್ಟರು. ಹೋದರೆ ಪ್ರಿಂಟ್ ಕೊಡುವ ಮುಂಚೆ ಪಕ್ಕದಲ್ಲೇ ಕೂತು ಸ್ಕ್ರೀನ್ ನೋಡಿ. ಚಹಾ ಅವರೇ ತರಿಸುತ್ತಾರೆ.