ರೆಡಿ ಮಿಕ್ಸ್ ಕೂಲಂಟ್ ಟಾಪ್ ಅಪ್‌ಗೆ ಸರಿ, ಪೂರ್ತಿ ಬದಲಿಸಲು ಕಾನ್ಸಂಟ್ರೇಟ್ ತಗೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಎಂಜಿನ್ ತಣ್ಣಗಿಡುವ ಕೂಲಂಟ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಗ್ರೀನ್ ಕೊಡ್ಲಾ, ಪಿಂಕ್ ಕೊಡ್ಲಾ?" ಬಣ್ಣ ನೋಡಿ ತಗೊಳ್ಳಬೇಡಿ. ಅದು ಕಂಪನಿಯವರು ಬೆರೆಸುವ ಡೈ, ಒಬ್ಬೊಬ್ಬರದು ಒಂದೊಂದು. ಕಾರಿನ ಮ್ಯಾನ್ಯುಯಲ್‌ನಲ್ಲಿ ಐಎಟಿ (ಇನಾರ್ಗ್ಯಾನಿಕ್), ಓಎಟಿ (ಆರ್ಗ್ಯಾನಿಕ್), ಹೈಬ್ರಿಡ್ (ಎರಡೂ ಬೆರೆತದ್ದು) ಅಂತ ತುಕ್ಕು ತಡೆಯುವ ರಾಸಾಯನಿಕದ ಯಾವ ಬಗೆ ಹೇಳಿದೆಯೋ ಅದೇ ಹೆಸರು ಕ್ಯಾನಿನ ಲೇಬಲ್ ಮೇಲೂ ಇರಬೇಕು. ಬೇರೆ ಬಗೆಗಳನ್ನು ಬೆರೆಸಿದರೆ ತುಕ್ಕು ತಡೆಯುವ ರಾಸಾಯನಿಕಗಳು ಕೆಲಸ ಬಿಡುತ್ತವೆ, ಕೆಲವೊಮ್ಮೆ ಗಸಿ ಕಟ್ಟಿ ರೇಡಿಯೇಟರ್ ಟ್ಯೂಬ್ ಮುಚ್ಚಿಕೊಳ್ಳುತ್ತದೆ.

ರೆಡಿ ಮಿಕ್ಸ್‌ನಲ್ಲಿ ಗ್ಲೈಕಾಲ್ (ಕೂಲಂಟ್‌ನ ಮುಖ್ಯ ದ್ರವ) ಮತ್ತು ನೀರು ಸಾಮಾನ್ಯವಾಗಿ ಸಮಸಮ ಇರುತ್ತವೆ. ರಿಸರ್ವಾಯರ್‌ನಲ್ಲಿ ಮಟ್ಟ ಸ್ವಲ್ಪ ಇಳಿದಿದ್ದರೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಪೂರ್ತಿ ಬದಲಿಸುವಾಗ ಮಾತ್ರ ಲೆಕ್ಕ ತಪ್ಪುತ್ತದೆ. 5 ಲೀಟರ್ ಹಿಡಿಯುವ ಕಾರಿನಲ್ಲಿ ರೇಡಿಯೇಟರ್ ಡ್ರೈನ್ ಪ್ಲಗ್ ಬಿಚ್ಚಿದರೆ 3 ಲೀಟರ್ ಬಂತು ಅಂದುಕೊಳ್ಳಿ. ಉಳಿದ 2 ಲೀಟರ್ ಎಂಜಿನ್ ಬ್ಲಾಕ್ ಮತ್ತು ಹೀಟರ್‌ನಲ್ಲೇ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ಫ್ಲಶ್ ಮಾಡಿದ ಮೇಲೆ ಆ 2 ಲೀಟರ್ ಬರೀ ನೀರು. ಅದರ ಮೇಲೆ 3 ಲೀಟರ್ ರೆಡಿ ಮಿಕ್ಸ್ ಸುರಿದರೆ ಗ್ಲೈಕಾಲ್ ಒಟ್ಟು ಒಂದೂವರೆ ಲೀಟರ್, ಅಂದರೆ 30 ಪರ್ಸೆಂಟ್. ಅದೇ ನೀರು ಬೆರೆಸದ ಕಾನ್ಸಂಟ್ರೇಟ್ ಆದರೆ ಎರಡೂವರೆ ಲೀಟರ್ ಹಾಕಿ, ಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ತುಂಬಿದರೆ ಸರಿಯಾಗಿ 50 ಸಿಗುತ್ತದೆ. ಮ್ಯಾನ್ಯುಯಲ್ 30 ಸಾಕು ಅಂದಿದ್ದರೆ ಅದನ್ನೇ ಪಾಲಿಸಿ. 60 ದಾಟಿಸಬೇಡಿ, ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಹೊರುವ ಶಕ್ತಿ ಕಮ್ಮಿ.

ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ.

ಬೆಂಗಳೂರಿನಲ್ಲಿ ಚಳಿಗೆ ಹೆಪ್ಪುಗಟ್ಟುವ ಚಿಂತೆಯಿಲ್ಲ, ಕುದಿಯುವ ಚಿಂತೆ ಇದೆ. ಸುಮಾರು 900 ಮೀಟರ್ ಎತ್ತರದ ಈ ಊರಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಾಡಿ ನಿಂತಲ್ಲೇ ನಿಂತಾಗ ಎಂಜಿನ್ ಕಾಪಾಡುವುದು ಗ್ಲೈಕಾಲ್, ಫ್ಯಾನ್ ಮತ್ತು ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಕೂಲಂಟ್ ಜೊತೆಗೇ ಅದನ್ನೂ ಬದಲಿಸಿ. ಬಿಸಿ ಎಂಜಿನ್‌ನಲ್ಲಿ ಮುಚ್ಚಳ ಮುಟ್ಟಲೇಬೇಡಿ. ಮೇಲಿನ ಹೋಸ್ ಕೈಗೆ ತಣ್ಣಗಾಗಿ, ಒತ್ತಿದರೆ ಮೆತ್ತಗೆ ಒಳಹೋಗುವವರೆಗೆ ಕಾಯಿರಿ.

ತುಂಬಿದ ಮೇಲೆ ಹೀಟರ್ ಪೂರ್ತಿ ಬಿಸಿಗಿಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಬ್ಲೀಡ್ ಸ್ಕ್ರೂ ಇದ್ದರೆ ಮ್ಯಾನ್ಯುಯಲ್ ಹೇಳಿದಂತೆ ಒಳಗಿನ ಗಾಳಿ ಹೊರಗೆ ಬಿಡಿ. ಟೆಂಪರೇಚರ್ ಮುಳ್ಳು ಏರುತ್ತಿದ್ದರೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿರಬಹುದು, ಕೂಡಲೇ ಎಂಜಿನ್ ಆಫ್ ಮಾಡಿ. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ದಿನದಿನಕ್ಕೂ ಇಳಿಯುತ್ತಿದ್ದರೆ ವಾಟರ್ ಪಂಪ್ ಸುತ್ತ, ಹೋಸ್ ಕ್ಲಾಂಪ್‌ಗಳಲ್ಲಿ ಒಣಗಿದ ಬಣ್ಣದ ಕಲೆ ಹುಡುಕಿ.

ತೆಗೆದ ಹಳೇ ಕೂಲಂಟನ್ನು ಮೋರಿಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೋದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಖಾಲಿ ಕ್ಯಾನಿಗೇ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ನವರನ್ನು ಕೇಳಿ ಅವರಿಗೆ ಕೊಡಿ.